ಅಜ್ಜನ ತೋಟಾ ಬಂದೂಕಿಗೆ ಯಾವ ಚಾಕು ಜೋಡಿ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನವನು. ಅಡಿಕೆ ತೋಟ ಇದೆ, ಮೆಕ್ಕೆಜೋಳವೂ ಹಾಕುತ್ತೇವೆ. ಅಜ್ಜನ ಹೆಸರಿನಲ್ಲಿದ್ದ ಒಂಟಿ ನಳಿಗೆಯ 12 ಬೋರ್ ಬಂದೂಕು ಈಗ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಿದೆ. ಅಮೆರಿಕದವರು ತಮ್ಮ ಇಷ್ಟದ ಗನ್ನು, ಚಾಕು ಪಕ್ಕಪಕ್ಕ ಇಟ್ಟು ಫೋಟೊ ಹಾಕುವುದನ್ನು ನೋಡಿ ನನಗೂ ಆಸೆ ಹುಟ್ಟಿದೆ. ಈ ಬಂದೂಕಿಗೆ ಒಪ್ಪುವ ಚಾಕು ಯಾವುದು? ಅಜ್ಜನ ಟ್ರಂಕಿನಲ್ಲಿ ಕೊಂಬಿನ ಹಿಡಿಯ ಒಂದು ಹಳೇ ಚೂರಿಯೂ ಸಿಕ್ಕಿದೆ. ಎರಡನ್ನೂ ಗಾಜಿನ ಚೌಕಟ್ಟಿನಲ್ಲಿ ಕೂರಿಸಿ ಹಾಲ್‌ನಲ್ಲಿ ಹಾಕಬಹುದಾ? ಆಯುಧಪೂಜೆಗೆ ಇವನ್ನು ಹೇಗೆ ಸಿದ್ಧ ಮಾಡಬೇಕು?

ಉತ್ತರ: ಚಿಕ್ಕ ಉತ್ತರ ಮೊದಲು ಕೊಟ್ಟುಬಿಡುತ್ತೇನೆ. ನಿಮ್ಮ ಬಂದೂಕಿಗೆ ಮೂರು, ಮೂರೂವರೆ ಇಂಚು ಅಲಗಿನ ಮಡಚುವ ಚಾಕು ಸಾಕು. ಸಾದಾ ಇರಲಿ. ತೋಟದ ಕೆಲಸಕ್ಕೆ ನಿಮ್ಮೂರ ಕಡೆಯ ಕಮ್ಮಾರರು ಬಡಿದ ಒಂದು ಮಚ್ಚು ಇರಲಿ. ಗಾಜಿನ ಚೌಕಟ್ಟು ಬೇಡ. ಟ್ರಂಕಿನಲ್ಲಿ ಸಿಕ್ಕ ಚೂರಿಯ ಹಿಡಿ ಯಾವ ಪ್ರಾಣಿಯ ಕೊಂಬಿನದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಇನ್ನು ಉದ್ದದ ಉತ್ತರ.

ಬಂದೂಕಿಗೂ ಅಲಗಿಗೂ ಜೋಡಿ ಬಿದ್ದದ್ದು ಶೋಕಿಗಲ್ಲ. ಬಂದೂಕು ತೀರಾ ನಿಧಾನ ಇತ್ತು, ಅದಕ್ಕೆ. ನಮ್ಮ ದುರ್ಗದ ಕೋಟೆಯನ್ನೇ ತೆಗೆದುಕೊಳ್ಳಿ. ಒಳಗೆ ಸಿಡಿಮದ್ದು ಬೀಸುತ್ತಿದ್ದ ದೊಡ್ಡ ದೊಡ್ಡ ಕಲ್ಲುಗಳನ್ನು ಈಗಲೂ ನೋಡಬಹುದು. ಅಷ್ಟು ಮದ್ದು ಬೀಸಿ ಇಟ್ಟುಕೊಂಡಿದ್ದರೂ ಒಬ್ಬ ಬಂದೂಕಿನವನು ಒಂದು ಸಲ ಹೊಡೆದನೋ ಮುಗಿಯಿತು. ಮತ್ತೆ ನಳಿಗೆಗೆ ಮದ್ದು ಸುರಿಯಬೇಕು, ಗುಂಡು ಬಿಡಬೇಕು, ಕಂಬಿ ಹಾಕಿ ಜಡಿಯಬೇಕು, ನಳಿಗೆಯ ಕಿವಿಯ, ಅಂದರೆ ಬೆಂಕಿ ಒಳಗೆ ಹೋಗುವ ತೂತಿನ, ಹತ್ತಿರ ಸಣ್ಣ ಮದ್ದು ಇಡಬೇಕು, ಉರಿಯುವ ಬತ್ತಿಯನ್ನು ಸರಿಮಾಡಿಕೊಳ್ಳಬೇಕು. ಅಷ್ಟರಲ್ಲಿ ಎದುರಿನವನು ಮೈಮೇಲೆ ಬಂದಿರುತ್ತಾನೆ. ಆಗ ಕೈಗೆ ಬೇಕಾಗುವುದು ಕತ್ತಿ ಇಲ್ಲವೇ ಕಠಾರಿ. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ಕೋಟೆ ಕಿತ್ತುಕೊಂಡ ಕಾಲಕ್ಕೂ ಕಾಳಗದ ಲೆಕ್ಕಾಚಾರ ಇಷ್ಟೇ ಇತ್ತು.

ಯುರೋಪಿನವರು ಇದಕ್ಕೆ ಬೇರೆ ದಾರಿ ಹುಡುಕಿದರು. ಚಾಕುವನ್ನೇ ಬಂದೂಕಿನ ತುದಿಗೆ ಸಿಕ್ಕಿಸಿದರು. 17ನೇ ಶತಮಾನದ ಮೊದಲ ಬಯೊನೆಟ್‌ಗಳ ಹಿಡಿಯನ್ನು ನಳಿಗೆಯ ಬಾಯಿಗೇ ತುರುಕುತ್ತಿದ್ದರು. ಸಿಕ್ಕಿಸಿದರೆ ಗುಂಡು ಹೊಡೆಯುವ ಹಾಗಿಲ್ಲ, ತೆಗೆದರೆ ಈಟಿ ಇಲ್ಲ! ಆಮೇಲೆ ನಳಿಗೆಯ ಹೊರಗೆ ಕೂರುವ ಬಳೆಯಂಥ ಜೋಡಣೆ ಬಂತು. ನಮ್ಮ ದೇಶದ ಕಸುಬುದಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಠಾರಿಯ ಎರಡೂ ಪಕ್ಕಕ್ಕೆ ಪುಟ್ಟ ಪಿಸ್ತೂಲಿನ ನಳಿಗೆ ಕೂರಿಸಿದರು. ಅಂಥವು ಮ್ಯೂಸಿಯಂಗಳಲ್ಲಿವೆ. ನೋಡೋಕೆ ಬಲು ಚೆಂದ. ಹಿಡಿದು ಗುರಿ ಇಡೋದು ಹೇಗೆ ಅಂತ ಮಾತ್ರ ನನಗೆ ಇವತ್ತಿಗೂ ಆಶ್ಚರ್ಯ.

ನೀವು ನೋಡಿದ ವಿದೇಶಿ ಫೋಟೊಗಳ ಹಿಂದೆಯೂ ಇಂಥದೇ ಕಥೆ ಇರುತ್ತದೆ. ಅಲ್ಲಿನವರು ಬಹಳ ಇಷ್ಟಪಡುವ ಒಂದು ಜೋಡಿ ಕೋಲ್ಟ್ 1911 ಪಿಸ್ತೂಲು ಮತ್ತು ಕಾ-ಬಾರ್ ಚಾಕು. ಪಿಸ್ತೂಲು ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದು, ಅಮೆರಿಕದ ಸೇನೆ ಒಪ್ಪಿಕೊಂಡಿದ್ದು 1911ರಲ್ಲಿ. ಚಾಕು ಅಲ್ಲಿನ ಮರೀನ್ ಪಡೆಗೆ ಬಂದದ್ದು 1942ರಲ್ಲಿ. ಏಳು ಇಂಚಿನ ಅಲಗು, ತೊಗಲಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಮಾಡಿದ ಹಿಡಿ. ಎರಡೂ ಎರಡನೇ ಮಹಾಯುದ್ಧದಲ್ಲಿ ಒಂದೇ ಸೈನಿಕನ ಸೊಂಟದಲ್ಲಿದ್ದವು. ಹಾಗಾಗಿ ಫೋಟೊದಲ್ಲಿ ಪಕ್ಕಪಕ್ಕ ಇಟ್ಟಾಗ ಒಂದಕ್ಕೊಂದು ಒಪ್ಪುತ್ತವೆ.

ಇನ್ನೊಂದು, ವಿಂಚೆಸ್ಟರ್ 1894 ರೈಫಲ್ ಜೊತೆ ಬೋವಿ ಚಾಕು. ಇದರಲ್ಲಿ ಸ್ವಲ್ಪ ನಾಟಕ ಇದೆ. ಜಿಮ್ ಬೋವಿಯ ಚಾಕು ಹೆಸರು ಮಾಡಿದ್ದು 1827ರ ಒಂದು ಜಗಳದಲ್ಲಿ, ರೈಫಲ್ ಬಂದದ್ದು ಅದಾಗಿ ಅರವತ್ತೇಳು ವರ್ಷಕ್ಕೆ. ಆದರೂ ಕೌಬಾಯ್ ಸಿನಿಮಾ ನೋಡಿ ಬೆಳೆದವರ ಕಣ್ಣಿಗೆ ಎರಡೂ ಒಂದೇ ಕಾಲದವು. ನನ್ನ ಮೆಚ್ಚಿನದು .303 ಲೀ-ಎನ್‌ಫೀಲ್ಡ್ ಮತ್ತು ಅದರ 1907ರ ಬಯೊನೆಟ್. ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ ರೈಫಲ್ ಅದು. ಬಯೊನೆಟ್ಟಿನ ಅಲಗು 17 ಇಂಚು. ಯಾಕೆ ಅಷ್ಟುದ್ದ? ಆ ರೈಫಲ್ಲಿನ ನಳಿಗೆಯನ್ನು ಹಿಂದಿನದಕ್ಕಿಂತ ಗಿಡ್ಡ ಮಾಡಿದ್ದರು. ಎದುರಾಳಿಯ ಉದ್ದ ರೈಫಲ್ಲಿನ ಮುಂದೆ ಕೈ ಮೋಟಾಗಬಾರದು ಅಂತ ಅಲಗನ್ನು ಉದ್ದ ಮಾಡಿದರು. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಟ್ಟಿದೆ. ಆದರೆ ಆಸೆಪಡಬೇಡಿ, .303 ನಮ್ಮಲ್ಲಿ ಸಾಮಾನ್ಯರಿಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ವಿದೇಶಿ ಫೋಟೊಗಳಲ್ಲಿ ಕಾಣುವ 9 ಎಂಎಂ ಗ್ಲಾಕ್ ಪಿಸ್ತೂಲಿಗೂ ಇದೇ ಮಾತು. ಸೇನೆಯ ತೋಟಾ ಹೊರಗಿನವರ ಬಂದೂಕಿಗೆ ಹೊಂದಬಾರದು ಅಂತಲೇ ನಮ್ಮಲ್ಲಿ .315 ರೈಫಲ್, .32 ರಿವಾಲ್ವರ್ ಇಟ್ಟುಕೊಂಡು ಬಂದಿದ್ದಾರೆ.

ಇವೆಲ್ಲ ಸೇನೆಯ ಜೋಡಿಗಳಾದವು. ನಿಮ್ಮಂಥವರಿಗೆ ಪಾಠ ಆಗುವ ಜೋಡಿ ಸ್ವಿಟ್ಜರ್ಲೆಂಡಿನದು. 1889ರಲ್ಲಿ ಅಲ್ಲಿನ ಸೇನೆಗೆ ಶ್ಮಿಟ್-ರೂಬಿನ್ ಅನ್ನುವ ಹೊಸ ರೈಫಲ್ ಬಂತು. ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು. ಸೈನಿಕರಿಗೆ ಡಬ್ಬಿ ಊಟ ಬೇರೆ ಶುರುವಾಗಿತ್ತು, ಡಬ್ಬಿ ತೆರೆಯಲೂ ಏನಾದರೂ ಬೇಕು. ಅಲಗು, ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ, ದಬ್ಬಳ, ಈ ನಾಲ್ಕನ್ನೂ ಒಂದೇ ಹಿಡಿಯೊಳಗೆ ಮಡಚಿಟ್ಟು 1891ರಲ್ಲಿ ಸೈನಿಕರ ಕೈಗೆ ಕೊಟ್ಟರು. ಇವತ್ತು ಕೆಂಪು ಹಿಡಿಯ ಸ್ವಿಸ್ ಚಾಕು ಅಂತ ಜಗತ್ತೇ ಕೊಳ್ಳುತ್ತದಲ್ಲ, ಅದರ ಮೂಲ ಇದು. ಯಾರನ್ನೂ ಚುಚ್ಚುವುದಕ್ಕೆ ಮಾಡಿದ ಚಾಕುವಲ್ಲ. ಬಂದೂಕಿನ ಸೇವೆಗೆ ಅಂತಲೇ ಮಾಡಿದ್ದು. ನಾನು ಯಾರಿಗೇ ಜೋಡಿ ಹೇಳಿದರೂ ಈ ಲೆಕ್ಕದಲ್ಲೇ ಹೇಳುತ್ತೇನೆ. ಬಂದೂಕು ಯಾವ ಕೆಲಸಕ್ಕೆ ಹೊರಗೆ ಬರುತ್ತದೋ ಆ ಕೆಲಸದಲ್ಲಿ ಬೇಕಾಗುವ ಅಲಗೇ ಅದರ ಜೋಡಿ.

ನಿಮ್ಮ ಬಂದೂಕು ಹೊರಗೆ ಬರುವುದು ಬೆಳೆ ಕಾಯುವುದಕ್ಕೆ. ರಾತ್ರಿ ಮೆಕ್ಕೆಜೋಳಕ್ಕೆ ಹಂದಿ ನುಗ್ಗುತ್ತದೆ, ಅಟ್ಟಣಿಗೆ ಹತ್ತಿ ಕೂರುತ್ತೀರಿ. ಅಲ್ಲಿ ಚಾಕುವಿಗೆ ಏನು ಕೆಲಸ? ಹಗ್ಗ ಕತ್ತರಿಸುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಟಾರ್ಚಿನ ವೈರು ಸುಲಿಯುವುದು, ಬುತ್ತಿಯ ಜೊತೆ ಈರುಳ್ಳಿ ಹೆಚ್ಚುವುದು. ಇಷ್ಟಕ್ಕೆ ಏಳು ಇಂಚಿನ ಕಾ-ಬಾರ್ ಏನು ಮಾಡುತ್ತೀರಿ? ಮೂರಿಂಚಿನ ಮಡಚುವ ಚಾಕು ಜೇಬಿನಲ್ಲಿರುತ್ತದೆ. ಅಟ್ಟಣಿಗೆ ಹತ್ತುವಾಗ ತೊಡೆಗೆ ತಾಗುವುದಿಲ್ಲ. ಬಿಚ್ಚಿದಾಗ ಅಲಗು ಗಟ್ಟಿಯಾಗಿ ನಿಲ್ಲುವ ಲಾಕ್ ಇರಬೇಕು. ಆ ಲಾಕ್ ಇಲ್ಲದೆ ಒತ್ತಿ ಕೊಯ್ಯುವಾಗ ಅಲಗು ಮಡಚಿಕೊಂಡರೆ ಬೆರಳು ಹೋಗುತ್ತದೆ. ಗುಂಡಿ ಒತ್ತಿದರೆ ಚಿಮ್ಮುವಂಥದ್ದು ಬೇಡ. ಕೆಲಸಕ್ಕೆ ಅದರಿಂದ ಏನೂ ಲಾಭವಿಲ್ಲ, ಪೊಲೀಸರಿಗೆ ಅದನ್ನು ಕಂಡರೇ ಅನುಮಾನ.

ಚರ್ಮ ಸುಲಿಯುವ ಚಾಕುವನ್ನು ಬಂದೂಕಿನ ಜೋಡಿ ಅಂತ ಕೆಲವು ಅಂಗಡಿಯವರು ಮಾರುತ್ತಾರೆ. ನಮ್ಮಲ್ಲಿ ಅದು ದುಡ್ಡು ದಂಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, 1991ರ ತಿದ್ದುಪಡಿಯಾದ ಮೇಲೆ ಶಿಕಾರಿ ಪೂರ್ತಿ ಬಂದ್. ಬೆಳೆ ರಕ್ಷಣೆ ಅಂತ ಲೈಸೆನ್ಸಿನಲ್ಲಿ ಬರೆದಿದ್ದರೂ ಹಂದಿ ಹೊಡೆಯಲು ಅದೇ ಅನುಮತಿ ಅಂತ ತಿಳಿಯಬೇಡಿ. ಅದಕ್ಕೆ ಅರಣ್ಯ ಇಲಾಖೆಯ ಅಧಿಕಾರ ಉಳ್ಳವರು ಕಾಯ್ದೆಯ 11ನೇ ಕಲಂ ಕೆಳಗೆ ಲಿಖಿತವಾಗಿ ಕೊಟ್ಟ ಆದೇಶ ಬೇಕು. ಜೋಗಿಮಟ್ಟಿ ಇರಲಿ, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮ ಇರಲಿ, ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಬಂದೂಕು ನೋಂದಾಯಿಸಬೇಕು. ಇದು ಅದೇ ಕಾಯ್ದೆಯ 34ನೇ ಕಲಂ. ಬಹಳ ಜನಕ್ಕೆ ಗೊತ್ತೇ ಇಲ್ಲ.

ನನ್ನ ಪರಿಚಯದವರ ಜೋಡಿಗಳನ್ನೂ ಹೇಳುತ್ತೇನೆ, ಕೇಳೋಕೆ ಮಜಾ ಇದೆ. ದಾವಣಗೆರೆಯ ಒಬ್ಬ ಹುಡುಗನ ಹತ್ತಿರ ಗುರಿ ಅಭ್ಯಾಸದ .22 ರೈಫಲ್ ಇದೆ. ಅದರ ಚೀಲದಲ್ಲಿ ಸ್ವಿಸ್ ಚಾಕು. ದುರ್ಬೀನಿನ ಸ್ಕ್ರೂ ಬಿಗಿ ಮಾಡುವುದು, ಗುರಿಹಾಳೆಯ ಟೇಪ್ ಕತ್ತರಿಸುವುದು, ಎಲ್ಲ ಅದರಲ್ಲೇ. ಚನ್ನಗಿರಿ ಕಡೆಯ ಒಬ್ಬ ಯಜಮಾನರದು ಜೋಡು ನಳಿಗೆ. ಅದರ ಜೋಡಿ ಏನು ಅಂತ ಕೇಳಿದರೆ ಜೇಬಿನಿಂದ ಅಡಕತ್ತರಿ ತೆಗೆದು ತೋರಿಸುತ್ತಾರೆ. ರಾತ್ರಿಯೆಲ್ಲ ಎಚ್ಚರ ಇರಬೇಕಲ್ಲ, ಎಲೆ ಅಡಿಕೆ ಬೇಡವಾ ಅಂತ ಅವರ ವಾದ. ಬಂದೂಕಿನ ಲೈಸೆನ್ಸ್ ಇಲ್ಲದ ಒಬ್ಬ ಗೆಳೆಯ .177 ಏರ್ ರೈಫಲ್ ಇಟ್ಟುಕೊಂಡು, ಜೊತೆಗೆ ತಾನೇ ಸಾಣೆ ಹಿಡಿದ ಸಣ್ಣ ಕಸಿ ಚಾಕು ಇಟ್ಟಿದ್ದಾನೆ. 20 ಜೌಲ್ ಒಳಗಿನ ಶಕ್ತಿಯ .177 ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಈ ಹವ್ಯಾಸ ಶುರು ಮಾಡುವವರಿಗೆ ನಾನು ಹೇಳುವುದೂ ಅದನ್ನೇ.

ಇನ್ನು ಮಚ್ಚು. ಇದಕ್ಕೆ ನೀವು ಆನ್‌ಲೈನ್ ನೋಡಲೇಬೇಡಿ. ಸಂತೆಗೆ ಬರುವ ಕಮ್ಮಾರರ ಹತ್ತಿರ ಹೋಗಿ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಕೊಡಿ ಅಂತ ಕೇಳಿ. ಆ ಪಟ್ಟಿಯ ಉಕ್ಕು ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವ ಹಾಗೆ ಮಾಡಿದ್ದು. ಸುಮ್ನೆ ಮುರಿಯುವ ಜಾತಿಯದಲ್ಲ. ಆದರೆ ತೀರಾ ಸವೆದು ಬಿರುಕು ಬಿಟ್ಟ ಪಟ್ಟಿ ಬೇಡ. ಕಣ್ಣಿಗೆ ಕಾಣದ ಬಿರುಕು ಹದ ಹಾಕುವಾಗ ಬಾಯಿ ಬಿಡುತ್ತದೆ.

ಹದ ಹಾಕುವ ಹೊತ್ತಿಗೆ ಕುಲುಮೆ ಮುಂದೆ ನಿಂತು ನೋಡಿ. ಈ ಉಕ್ಕನ್ನು ಕೆಂಪಗೆ ಕಾಸಿ ತಣ್ಣೀರಿಗೆ ಅದ್ದಿದರೆ ಸೀಳುವ ಸಂಭವ ಜಾಸ್ತಿ. ಎಣ್ಣೆಗೆ ಅದ್ದಿದರೆ ಒಳ್ಳೆಯದು. ಅದ್ದಿ ತೆಗೆದಾಗ ಅಲಗು ಗಡಸಾಗಿರುತ್ತದೆ, ಆಗ ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ಆ ಗಡಸು ಇಳಿಸಬೇಕು. ಅಲಗಿನ ಒಂದು ಪಕ್ಕವನ್ನು ಉಜ್ಜಿ ಬಿಳಿ ಮಾಡಿ, ಕೆಂಡದ ಮೇಲೆ ನಿಧಾನ ಕಾಸಿದರೆ ಬಣ್ಣ ಓಡಲು ಶುರು ಮಾಡುತ್ತದೆ. ಮೊದಲು ಒಣ ಹುಲ್ಲಿನ ತಿಳಿ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಅಂಚು ಬಹಳ ದಿನ ಹರಿತ ಉಳಿಯುತ್ತದೆ, ಸಣ್ಣ ಚಾಕುವಿಗೆ ಅದು ಸರಿ. ಮಚ್ಚಿಗೆ ಪೆಟ್ಟು ತಡೆಯುವ ಗುಣ ಬೇಕು, ನೀಲಿಯವರೆಗೆ ಹೋಗಲಿ. ನೀಲಿ ಅಂದರೆ ಹೆಚ್ಚುಕಡಿಮೆ 300 ಡಿಗ್ರಿ ಸೆಲ್ಸಿಯಸ್. ಕಮ್ಮಾರರಿಗೆ ಈ ಅಂಕಿ ಬೇಕಿಲ್ಲ, ಬಣ್ಣ ನೋಡಿಯೇ ಹಿಡಿಯುತ್ತಾರೆ. ಹಿಡಿಗೆ ಕರಿಜಾಲಿ ಕೇಳಿ. ಗಾಡಿ ಚಕ್ರಕ್ಕೆ ಬಳಸುತ್ತಿದ್ದ ಮರ ಅದು, ಬೇಗ ಬಿರಿಯುವುದಿಲ್ಲ. ಚೆನ್ನಾಗಿ ಒಣಗಿದ ಕರಿಜಾಲಿಯ ಕಂದು ಬಣ್ಣ ಹಳೇ ಬಂದೂಕಿನ ಮರಕ್ಕೂ ಒಪ್ಪುತ್ತದೆ. ಫೋಟೊದ ಆಸೆ ಇದೆ ಅಂದಿರಲ್ಲ, ಅದಕ್ಕೆ ಹೇಳಿದೆ.

ಕಾನೂನಿನ ಮಾತಿಗೆ ಬರೋಣ. 1959ರ ಆಯುಧ ಕಾಯ್ದೆಯ ಕೆಳಗೆ 2016ರಲ್ಲಿ ಬಂದ ನಿಯಮಗಳಲ್ಲಿ ಅಲಗಿಗೆ ಒಂದು ಅಳತೆ ಕೊಟ್ಟಿದ್ದಾರೆ. 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲ ಇರುವ ಚಾಕು, ಕತ್ತಿ, ಭರ್ಜಿ ಇವು ಆಯುಧದ ಪಟ್ಟಿಗೆ ಸೇರುತ್ತವೆ. ಮನೆ ಕೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದವು ಸೇರುವುದಿಲ್ಲ. ಮಚ್ಚು, ಕುಡುಗೋಲು, ಈಳಿಗೆ ಮಣೆ ಎಲ್ಲ ಉಳಿದುಕೊಂಡದ್ದು ಇದೇ ವಿನಾಯಿತಿಯಿಂದ. ಓಬವ್ವನ ಒನಕೆಗೂ ಇವತ್ತು ಲೈಸೆನ್ಸ್ ಬೇಕಿಲ್ಲ. ಆದರೆ ವಿನಾಯಿತಿ ಇರುವುದು ಕೆಲಸದ ಸಾಮಾನಿಗೆ. ಅದೇ ಮಚ್ಚನ್ನು ಬೈಕಿನ ಸೀಟಿನ ಕೆಳಗೆ ಇಟ್ಟುಕೊಂಡು ರಾತ್ರಿ ಪೇಟೆಯಲ್ಲಿ ಸಿಕ್ಕಿಬಿದ್ದರೆ ಅದು ಬೇಸಾಯದ ಸಾಮಾನು ಅಂತ ಯಾರೂ ನಂಬುವುದಿಲ್ಲ. ಲಾಂಗು, ಮಚ್ಚು ಅಂದರೆ ಠಾಣೆಯಲ್ಲಿ ಬೇರೆಯೇ ಅರ್ಥ. ಮೂರಿಂಚಿನ ಚಾಕುವಿಗೆ ಅಳತೆಯ ತೊಂದರೆ ಇಲ್ಲ. ಹಾಗಂತ ಕೋರ್ಟು, ಜಾತ್ರೆ, ರಾಜಕೀಯ ಸಭೆಗೆ ಒಯ್ಯಬೇಡಿ.

ಬಂದೂಕಿನ ವಿಷಯ ನಿಮಗೆ ಹೆಚ್ಚು ಹೇಳಬೇಕಿಲ್ಲ, ಲೈಸೆನ್ಸ್ ಆಗಿದೆ. 2019ರ ತಿದ್ದುಪಡಿ ಆದಮೇಲೆ ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಬಂದೂಕು ಇರುವ ಹಾಗಿಲ್ಲ, ಲೈಸೆನ್ಸ್ ಅವಧಿ 5 ವರ್ಷ. ನವೀಕರಣದ ದಿನ ಮರೆಯಬೇಡಿ. ಚುನಾವಣೆ ಘೋಷಣೆಯಾದಾಗ ಬಂದೂಕು ಠಾಣೆಗೆ ಒಪ್ಪಿಸುವಂತೆ ಆದೇಶ ಬಂದರೆ ರಸೀದಿ ತೆಗೆದುಕೊಳ್ಳಿ. ಒಪ್ಪಿಸುವ ಮುಂಚೆ ನಳಿಗೆಗೆ ಒಳಗೂ ಹೊರಗೂ ಎಣ್ಣೆ ಹಚ್ಚಿ ಕೊಡಿ. ಅಲ್ಲಿ ಒಂದರ ಮೇಲೊಂದು ಒರಗಿಸಿ ಇಟ್ಟಿರುತ್ತಾರೆ, ವಾರಗಟ್ಟಲೆ ಯಾರೂ ಮುಟ್ಟುವುದಿಲ್ಲ.

ಗಾಜಿನ ಚೌಕಟ್ಟು ಯಾಕೆ ಬೇಡ ಅಂದೆ ಅಂದರೆ, ಲೈಸೆನ್ಸಿನ ಅರ್ಜಿಯಲ್ಲೇ ಆಯುಧವನ್ನು ಭದ್ರವಾಗಿ ಇಡುತ್ತೇನೆ ಅಂತ ನಿಮ್ಮಿಂದ ಬರೆಸಿಕೊಂಡಿರುತ್ತಾರೆ. ಗಾಜು ಒಡೆಯಲು ಒಂದು ಕಲ್ಲು ಸಾಕು. ಮನೆಗೆ ಮಕ್ಕಳು ಬರುತ್ತಾರೆ, ನೆಂಟರು ಬರುತ್ತಾರೆ. ಬಂದೂಕು ಬೀಗ ಇರುವ ಕಬ್ಬಿಣದ ಬೀರುವಿನಲ್ಲಿ, ತೋಟಾ ಬೇರೆ ಬೀಗದಲ್ಲಿ ಇರಲಿ. ಹಾಲ್‌ನಲ್ಲಿ ಹಾಕಲೇಬೇಕು ಅಂದರೆ ಅಜ್ಜ ಬಂದೂಕು ಹಿಡಿದು ತೆಗೆಸಿಕೊಂಡ ಫೋಟೊ ಇದ್ದರೆ ಕಟ್ಟು ಹಾಕಿಸಿ.

ಬಳಸುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿಸಿ. ಹಳೇ 12 ಬೋರ್ ಬಂದೂಕುಗಳಲ್ಲಿ ತೋಟಾ ಕೂರುವ ಜಾಗ 65 ಮಿಲಿಮೀಟರ್ ಇರುವುದುಂಟು. ಈಗ ಸಿಗುವ ಬಹಳಷ್ಟು ತೋಟಾ 70 ಮಿಲಿಮೀಟರಿನವು. ಈ 70ರ ತೋಟಾ 65ರ ಬಂದೂಕಿನಲ್ಲೂ ಸಲೀಸಾಗಿ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ. ಅಳತೆ ಬರೆದಿರುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಬಾಯಿ ಬಿಚ್ಚಲು ಜಾಗ ಸಾಲದೆ ಒಳಗೆ ಒತ್ತಡ ಏರುತ್ತದೆ. ನಳಿಗೆಯ ಬುಡದ ಅಡಿಭಾಗದಲ್ಲಿ ಅಳತೆಯ ಗುರುತು ಇರುತ್ತದೆ. ಅಳಿಸಿಹೋಗಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಂದ ಅಳತೆ ಹಾಕಿಸಿ. ಚಾಕು ಕೊಳ್ಳುವ ದುಡ್ಡಿನಲ್ಲಿ ಮೊದಲು ಈ ಕೆಲಸ ಆಗಲಿ.

ಚಾಕು ಕೈಗೆ ಬಂದಮೇಲೆ ಎಲ್ಲರೂ ಮಾಡುವ ಒಂದು ಅನಾಹುತ ಇದೆ. ಬಂದೂಕಿನ ಸ್ಕ್ರೂ ಸಡಿಲ ಆದರೆ ಚಾಕುವಿನ ತುದಿ ಹಾಕಿ ತಿರುಗಿಸುವುದು. ರಿಪೇರಿಗೆ ಬರುವ ಹಳೇ ಬಂದೂಕುಗಳ ಸ್ಕ್ರೂ ತಲೆ ಗಮನಿಸಿ ನೋಡಿ. ಗೀರಿನ ಎರಡೂ ಅಂಚು ತಿಂದುಹೋಗಿ, ಸುತ್ತ ಅಡ್ಡಾದಿಡ್ಡಿ ಗೆರೆ ಬಿದ್ದಿರುತ್ತವೆ. ಬಂದೂಕಿನ ಸ್ಕ್ರೂಗಳ ಗೀರು ಬಹಳ ಕಿರಿದು, ಅದರ ಗೋಡೆಗಳು ನೆಟ್ಟಗೆ ಇರುತ್ತವೆ. ಚಾಕುವಿನ ತುದಿ, ಅಂಗಡಿಯಲ್ಲಿ ಸಿಗುವ ಸಾದಾ ಸ್ಕ್ರೂಡ್ರೈವರ್ ಎರಡೂ ತುದಿಗೆ ಹೋಗ್ತಾ ತೆಳ್ಳಗಾಗುತ್ತವೆ. ಹಾಗಾಗಿ ಬುಡದಲ್ಲಿ ಹಿಡಿತ ಸಿಗದೆ ಮೇಲಿನ ಅಂಚಿನಲ್ಲಿ ಜಾರುತ್ತವೆ. ಸ್ಕ್ರೂ ಹಾಳು, ಚಾಕುವಿನ ತುದಿಯೂ ಚಟ್ ಅಂತ ಮುರಿಯುತ್ತದೆ. ಹಳೇ ಸ್ಕ್ರೂಡ್ರೈವರಿನ ತುದಿಯನ್ನು ಅರದಲ್ಲಿ ಉಜ್ಜಿ ಆ ಗೀರಿಗೆ ಸರಿಯಾಗಿ ಹೊಂದಿಸಿಕೊಂಡು ಚಾಕುವಿನ ಜೊತೆ ಇಟ್ಟುಕೊಳ್ಳಿ. ಊದಿಕೊಂಡ ತೋಟಾ ಸಿಕ್ಕಿಹಾಕಿಕೊಂಡಾಗಲೂ ಚಾಕು ಹಾಕಿ ಮೀಟಬೇಡಿ. ಹಳೇ ಕಾಗದದ ತೋಟಾಗಳು ಮಳೆಗಾಲದ ತೇವಕ್ಕೆ ಹೀಗೆ ಊದುತ್ತವೆ. ಅಂಥವನ್ನು ಬಳಸದೇ ಇರುವುದು ಒಳ್ಳೆಯದು.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆ ಧಾರಾಳ ಜಾಸ್ತಿ. ಅಡುಗೆ ಮನೆಯಲ್ಲಿ ಏನಿದೆಯೋ ಅದನ್ನೇ ಹಚ್ಚುತ್ತಾರೆ. ಕಡ್ಲೆಕಾಯಿ ಎಣ್ಣೆ ಕೆಲವು ತಿಂಗಳಲ್ಲಿ ಅಂಟು ಹಿಡಿದು ಬಂದೂಕಿನ ಕುದುರೆ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ), ಟ್ರಿಗರ್ ಎಲ್ಲ ಜಡವಾಗುತ್ತವೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿಗೆ ಇಳಿದರೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗಿನ ಜಾವ ದುರ್ಗದಲ್ಲಿ ಅದಕ್ಕಿಂತ ಚಳಿ ಇರುತ್ತದಲ್ವಾ? ಕಬ್ಬಿಣದ ಭಾಗಗಳಿಗೆ, ಚಾಕುವಿನ ಕೀಲಿಗೆ ಹೊಲಿಗೆ ಮಷೀನಿನ ತೆಳು ಎಣ್ಣೆ ಸಾಕು. ಮರಕ್ಕೆ ಅಗಸೆ ಎಣ್ಣೆ ಬಲು ಒಳ್ಳೆಯದು. ಬಂದೂಕಿನ ಮರಕ್ಕೂ ಮಚ್ಚಿನ ಹಿಡಿಗೂ ಅದನ್ನೇ ಹಚ್ಚಿದರೆ ಕಾಲ ಕಳೆದಂತೆ ಎರಡರ ಬಣ್ಣವೂ ಹತ್ತಿರ ಹತ್ತಿರ ಬರುತ್ತದೆ. ಬೆರಳಿನಲ್ಲಿ ಒಂದೆರಡು ಹನಿ ತೆಗೆದುಕೊಂಡು ಅಂಗೈ ಬಿಸಿ ಆಗುವವರೆಗೆ ತಿಕ್ಕಿ, ಒಂದು ದಿನ ಒಣಗಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನೇ ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ, ಇಲ್ಲವೇ ನೀರಿಗೆ ಹಾಕಿ.

ಚಾಕುವನ್ನು ತೊಗಲಿನ ಒರೆಯಲ್ಲಿ ತಿಂಗಳುಗಟ್ಟಲೆ ಇಡುವುದೂ ತಪ್ಪು. ತೊಗಲು ತೇವ ಹಿಡಿಯುತ್ತದೆ. ಹದ ಮಾಡುವಾಗ ಸೇರಿದ ಉಪ್ಪು, ಒಗರು ಅದರಲ್ಲಿ ಉಳಿದಿರುತ್ತವೆ. ಅಲಗಿನ ಮೇಲೆ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ. ತೊಗಲಿನ ಗವಸಿನಲ್ಲಿಟ್ಟ ಬಂದೂಕಿಗೂ ಹೀಗೇ ಆಗುತ್ತದೆ. ಹೊರಗೆ ಒಯ್ಯುವಾಗ ಮಾತ್ರ ಒರೆ, ಮನೆಗೆ ಬಂದಮೇಲೆ ತೆಗೆದಿಡಿ.

ಆಯುಧಪೂಜೆಗೆ ಬಂದೂಕು, ಮಚ್ಚು, ಚಾಕು ಮೂರನ್ನೂ ಇಡಿ, ಅದರ ಸೊಗಸೇ ಬೇರೆ. ಆದರೆ ಪೂಜೆಯ ಮಾರನೇ ದಿನ ಆಗುವ ಹಾನಿ ವರ್ಷವಿಡೀ ಬಳಸಿದರೂ ಆಗುವುದಿಲ್ಲ. ವಿಭೂತಿ ಪಟ್ಟೆಯನ್ನು ಒದ್ದೆ ಬೆರಳಲ್ಲಿ ನಳಿಗೆಗೆ ಎಳೆಯುತ್ತಾರೆ, ಅದರ ಮೇಲೆ ಕುಂಕುಮ. ನೀರು ಆರಿದರೂ ಬೂದಿ ಅಲ್ಲೇ ಕೂತು ರಾತ್ರಿಯೆಲ್ಲ ತೇವ ಎಳೆಯುತ್ತದೆ. ಸಂದಿಗೆ ಇಳಿದರೆ ಮರಳಿನ ಹಾಗೆ ಉಜ್ಜುತ್ತದೆ. ಇನ್ನು ನಿಂಬೆಹಣ್ಣು. ಮಚ್ಚಿನ ಅಲಗಿಗೆ ಸಿಕ್ಕಿಸಿದ ಹೋಳು ಬೆಳಗಾಗುವಷ್ಟರಲ್ಲಿ ಕಪ್ಪು ಬೂದು ಬಣ್ಣದ ಅರ್ಧಚಂದ್ರ ಬಿಟ್ಟಿರುತ್ತದೆ. ರಸದ ಹುಳಿ ಉಕ್ಕನ್ನು ತಿಂದ ಗುರುತು ಅದು, ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ. ವಿಭೂತಿ, ಕುಂಕುಮ ಮರದ ಮೇಲೆ ಹಚ್ಚಿ. ನಳಿಗೆಗೆ ಹೂವಿನ ಹಾರ ಸಾಕು, ಅದೂ ನೀರು ಚಿಮುಕಿಸದ ಹೂವು. ನಿಂಬೆಹಣ್ಣನ್ನು ಪಕ್ಕದಲ್ಲಿಡಿ. ಬೂದಗುಂಬಳಕ್ಕೆ ಮಚ್ಚು ಬಳಸಿದರೆ ಅವತ್ತೇ ತೊಳೆದು ಒರೆಸಿ ಎಣ್ಣೆ ಹಚ್ಚಿ. ತೋಟಾ ಪೂಜೆಗೆ ಇಡಲೇಬೇಡಿ. ಕರ್ಪೂರ ಉರಿಯುವ ತಟ್ಟೆಯ ಹತ್ತಿರ ಅದಕ್ಕೆ ಜಾಗವಿಲ್ಲ. ಸಂತೋಷಕ್ಕೆ ಗಾಳಿಯಲ್ಲಿ ಒಂದು ಗುಂಡು ಹಾರಿಸುವ ಚಪಲವೂ ಬೇಡ. 2019ರ ತಿದ್ದುಪಡಿಯಲ್ಲಿ ಅದೇ ಒಂದು ಅಪರಾಧ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಟ್ರಂಕಿನ ಚೂರಿಗೆ ಬರುತ್ತೇನೆ. ಆ ಕಾಲದ ಹಿಡಿಗಳು ಹೆಚ್ಚಾಗಿ ಎರಡು ಬಗೆ. ಎಮ್ಮೆ ಕೊಂಬಿನದಾದರೆ ಕಪ್ಪಗೆ, ನುಣ್ಣಗೆ ಇರುತ್ತದೆ. ಬೆಳಕಿಗೆ ಹಿಡಿದರೆ ತೆಳುವಾದ ಕಡೆ ಜೇನಿನ ಬಣ್ಣ ಕಾಣುತ್ತದೆ. ಅದಕ್ಕೆ ಏನೂ ಅಡ್ಡಿಯಿಲ್ಲ, ಇಟ್ಟುಕೊಳ್ಳಿ. ಜಿಂಕೆ ಇಲ್ಲವೇ ಕಡವೆ ಕೊಂಬಿನದಾದರೆ ಹೊರಮೈ ಒರಟು, ಉದ್ದಕ್ಕೂ ಕಂದು ಗೆರೆ, ಗಂಟು. ತುದಿಯಲ್ಲಿ ಕೊಯ್ದ ಕಡೆ ನಡುವೆ ಸಣ್ಣ ಸಣ್ಣ ತೂತಿನ ಮೂಳೆಯಂಥ ಭಾಗ ಕಾಣುತ್ತದೆ. ಅದು ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ಬರುವ ವಸ್ತು. ಅಜ್ಜನ ಕಾಲದ್ದು ಅನ್ನುವುದೊಂದೇ ಸಾಲದು, ಮಾಲೀಕತ್ವದ ಪ್ರಮಾಣಪತ್ರ ಇರಬೇಕು. 2003ರಲ್ಲಿ ಇಂಥವನ್ನು ಘೋಷಿಸಿಕೊಳ್ಳಲು ದೇಶಕ್ಕೆಲ್ಲ ಒಂದು ಅವಕಾಶ ಕೊಟ್ಟಿದ್ದರು. ಅಜ್ಜನ ಕಾಗದಪತ್ರದಲ್ಲಿ ಅದು ಇದೆಯಾ ಹುಡುಕಿ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪೆಂಡೆಂಟ್ ವಿಷಯಕ್ಕೆ ರಾಜ್ಯದಲ್ಲಿ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ. ಕಾಗದ ಸಿಗದಿದ್ದರೆ ವಕೀಲರೊಬ್ಬರನ್ನು ಕೇಳಿಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಒಪ್ಪಿಸಿ. ಹಿಡಿ ಬಿಚ್ಚಿ ಬಿಸಾಕುವುದು, ಮಾರುವುದು, ಯಾರಿಗಾದರೂ ಕೊಡುವುದು ಮಾಡಬೇಡಿ.

ಕೊನೆಗೆ ಫೋಟೊ. ತೆಗೆಯಿರಿ, ಅದರಲ್ಲೇನು. ಬಂದೂಕಿನ ನಳಿಗೆಯನ್ನು ಕೀಲಿನ ಹತ್ತಿರ ಬಗ್ಗಿಸಿ ತೆರೆದ ಸ್ಥಿತಿಯಲ್ಲೇ ಇಡಿ, ನಳಿಗೆ ಖಾಲಿ ಇರುವುದು ನೋಡುವವರಿಗೂ ಕಾಣಲಿ. ತೆಗೆಯುವ ಮುಂಚೆ ತೋಟಾ ಕೂರುವ ಜಾಗಕ್ಕೆ ಬೆರಳು ಹಾಕಿ ನೋಡಿ, ಕಣ್ಣನ್ನು ನಂಬಬೇಡಿ. ಬಂದೂಕಿನ ನಂಬರ್, ಲೈಸೆನ್ಸಿನ ವಿವರ, ಮನೆಯ ಗುರುತು ಯಾವುದೂ ಬರಬಾರದು. ಮನೆಯಲ್ಲಿ ಬಂದೂಕಿದೆ ಅಂತ ಊರಿಗೆಲ್ಲ ಸಾರುವುದು ಕಳ್ಳರಿಗೆ ವಿಳಾಸ ಕೊಟ್ಟ ಹಾಗೆ. ಕೈಯಲ್ಲಿ ಹಿಡಿದು ಗುರಿ ಇಟ್ಟ ರೀಲ್ಸ್ ಅಂತೂ ಬೇಡವೇ ಬೇಡ, ಅದನ್ನು ನೋಡಿ ಯಾರಾದರೂ ದೂರು ಕೊಟ್ಟರೆ ಲೈಸೆನ್ಸಿಗೇ ಕುತ್ತು. ಹಿನ್ನೆಲೆಗೆ ಚಳ್ಳಕೆರೆಯ ಕರಿ ಕಂಬಳಿ ಹಾಸಿದರೆ ಮರದ ಕಂದು, ಉಕ್ಕಿನ ಬಿಳುಪು ಎರಡೂ ಎದ್ದು ಕಾಣುತ್ತವೆ. ಫೋಟೊ ಆದಮೇಲೆ ಅದೇ ಕಂಬಳಿಯಲ್ಲಿ ಸುತ್ತಿ ಬೀರುವಿಗೆ ಇಡಬೇಡಿ. ಉಣ್ಣೆಯೂ ತೇವ ಹಿಡಿಯುತ್ತದೆ. ಎಣ್ಣೆ ಒರೆಸಿದ ಹತ್ತಿ ಬಟ್ಟೆಯಲ್ಲಿ ಒಮ್ಮೆ ಎಲ್ಲ ಕಡೆ ಕೈಯಾಡಿಸಿ, ಬರಿ ಬೆರಳು ತಾಗದ ಹಾಗೆ ನಿಲ್ಲಿಸಿಡಿ.